ಸೀಸದ ಡಬ್ಬಿಯಲ್ಲಿ ಬಂದ ಸಕ್ಕರೆ

ಹಂಗಾರಕಟ್ಟೆ
7 ನವೆಂಬರ್ 2025

ಅಕ್ಕ,

ನನ್ನ ನಂಬರ್ ಬ್ಲಾಕ್ ಮಾಡಿದ್ದಿಯಲ್ಲ, ಅದಕ್ಕೆ ಈ ಕಾಗದ. ಒಂಬತ್ತನೇ ಕ್ಲಾಸು ಬಿಟ್ಟ ಮೇಲೆ ನಾನು ಇಷ್ಟುದ್ದ ಬರೆದದ್ದೇ ಇಲ್ಲ. ಶಿವಮೊಗ್ಗ ಬಸ್ಸಿನ ಡ್ರೈವರ್ ಗುಣಪಾಲಣ್ಣನ ಕೈಯಲ್ಲಿ ಕೊಡುತ್ತಿದ್ದೇನೆ, ಒಣ ಸಿಗಡಿ ಕಟ್ಟಿನ ಜೊತೆ. ಸಿಗಡಿ ಅಮ್ಮ ಕಳಿಸಿದ್ದು. ಕಾಗದ ನನ್ನದು. ಎರಡೂ ನಾರುತ್ತವೆ. ಮೂಗು ಮುಚ್ಚಿಕೊಂಡು ಓದು.

ನಿನ್ನೆ ಅಮ್ಮನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಮೊದಲೇ ಹೇಳಿದ್ದು ನಿನಗೂ ಗೊತ್ತು. ಎದೆಯ ಗಡ್ಡೆ ಕ್ಯಾನ್ಸರೇ. ಆದರೆ ಅದು ಅಲ್ಲಿ ಮಾತ್ರ ಇದೆಯಾ, ಮೈಯೆಲ್ಲ ಹರಡಿದೆಯಾ ಎಂದು ಔಷಧಿ ಚುಚ್ಚಿ ತೆಗೆಯುವ ಆ ಸ್ಕ್ಯಾನಿನಲ್ಲಿ ನೋಡದೆ ಆಪರೇಷನ್ ದಿನ ಕೊಡುವುದಿಲ್ಲ. ಹಿಂದಿನ ರಾತ್ರಿ ಉಂಡದ್ದೇ ಕಡೆ, ಬೆಳಿಗ್ಗೆ ಅಮ್ಮ ಬರೀ ನೀರು ಕುಡಿದು ಬಸ್ಸು ಹತ್ತಿದಳು. ಬ್ರಹ್ಮಾವರ ಮುಟ್ಟುವವರೆಗೆ ಪಕ್ಕದಲ್ಲಿ ಕೂತವರಿಗೆಲ್ಲ ಒಂದೇ ಮಾತು. “ನನ್ ಮಗ್ಳೇ ಮಾಡುದ್ ಆ ಔಷ್ದಿ, ಘಟ್ಟದ್ ಮೇಲ್. ಅವ್ಳ್ ಕೈಯಾರೆ ಮಾಡಿ ಕಳ್ಸ್ತ್ಲ್.” ಮೀನು ಮಾರುವ ದನಿಯಲ್ಲಿ. ಡ್ರೈವರಿಗೂ ಕೇಳಿಸಿರಬೇಕು.

ಅಲ್ಲಿ ಹೋಗಿ ಕೂತೆವು. ಕೂತೇ ಇದ್ದೆವು. ನೆಲ ಒರೆಸುವ ನೀರಿನ ವಾಸನೆ, ಯಾರೋ ಮೂಲೆಯಲ್ಲಿ ಕಾರಿದ್ದು, ಅದರ ಮೇಲೆ ಪೇಪರು ಹಾಸಿದ್ದು. ಮಧ್ಯಾಹ್ನ ಆಗುವ ಹೊತ್ತಿಗೆ ಒಂದು ಹುಡುಗಿ ಬಂದು, “ಇವತ್ತು ಔಷಧಿ ಬರಲಿಲ್ಲ, ಸೈಕ್ಲೋಟ್ರಾನ್ ಕಡೆಯಿಂದ ಕ್ಯಾನ್ಸಲ್ ಆಗಿದೆ, ಇನ್ನೊಂದು ದಿನ ಬನ್ನಿ” ಎಂದಳು. ನಾನು ಬಾಯಿ ತೆಗೆಯುವ ಮೊದಲೇ ಅಮ್ಮ ಅವಳಿಗೇ ಸಮಾಧಾನ ಹೇಳಿದಳು. “ನೀನ್ ಎಂತ ಮಾಡ್ತೆ ಮಗಾ, ಬೇಜಾರ್ ಮಾಡ್ಕಣ್ಬೇಡ.” ಹಸಿದು ಕೂತಿದ್ದವಳು ಅಮ್ಮ.

ನಿನ್ನ ಮೆಷಿನು ಹಾಳು, ನೀನೂ ಹಾಳು. ಆ ಸೈಕ್ಲೋಟ್ರಾನ್ ಅಂದರೆ ಎಂತ? ಅಮ್ಮನಿಗೆ ಚುಚ್ಚಲು ಅದರಿಂದ ಎಂತ ತೆಗೆಯುತ್ತೀರಿ? ನನಗೆ ಅರ್ಥವಾಗುವ ಹಾಗೆ ಬರೆ. ಇಂಗ್ಲಿಷ್ ಹೊಡೆಯಬೇಡ. ಮುಂದಿನ ಸಲ ಅಮ್ಮನ ಔಷಧಿ ನೀನೇ ನಿಂತು ಮಾಡು, ಆ ದಿನ ನೀನೂ ಬಾ. ನಾಲ್ಕು ಗಂಟೆ ದಾರಿ ಅಷ್ಟೇ.

ಮನೀಷ್

~

ಶಿವಮೊಗ್ಗ
9 ನವೆಂಬರ್ 2025

ಮನೀಷ,

ಬ್ಲಾಕ್ ತೆಗೆಯುವುದಿಲ್ಲ. ಫೋನಿನಲ್ಲಿ ನೀನು ನನ್ನನ್ನು ಕರೆದ ಹೆಸರನ್ನು ಒಮ್ಮೆ ಅಮ್ಮನ ಎದುರು ಹೇಳು ನೋಡುವ. ಕಾಗದವೇ ವಾಸಿ. ನಾನು ಮುಗಿಸುವವರೆಗೆ ನಿನಗೆ ನಡುವೆ ಬಾಯಿ ಹಾಕುವುದಕ್ಕೆ ಆಗುವುದಿಲ್ಲ.

ಕೇಳಿದ್ದಿ, ಹೇಳುತ್ತೇನೆ. ಅಳಿವೆಯಲ್ಲಿ ನೀನು ಗಾಳ ಎಸೆಯುವಾಗ ಎಂತ ಮಾಡುತ್ತಿ? ಸೀಸದ ಗುಂಡು ಕಟ್ಟಿದ ಹಗ್ಗವನ್ನು ತಲೆಯ ಮೇಲೆ ತಿರುಗಿಸುತ್ತಿ. ಒಂದೊಂದು ಸುತ್ತಿಗೂ ಸ್ವಲ್ಪ ಸ್ವಲ್ಪ ಹಗ್ಗ ಬಿಡುತ್ತಿ, ವೇಗ ಏರಿಸುತ್ತಿ, ಕಡೆಗೆ ಬಿಟ್ಟುಬಿಡುತ್ತಿ. ಸೈಕ್ಲೋಟ್ರಾನ್ ಮಾಡುವುದೂ ಅದನ್ನೇ. ಗುಂಡಿನ ಬದಲಿಗೆ ಅಲ್ಲಿರುವುದು ಜಲಜನಕದ ಕಣ, ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ಆಚೀಚೆ ಓಡದಂತೆ ಸುತ್ತಲ್ಲೇ ಹಿಡಿದಿಡುವುದು ಒಂದು ದೊಡ್ಡ ಅಯಸ್ಕಾಂತ, ನಮ್ಮ ಮನೆಯ ಚಾವಡಿಯಷ್ಟು ಅಗಲ. ಅದೇ ನಿನ್ನ ಹಗ್ಗ. ಪ್ರತಿ ಅರ್ಧ ಸುತ್ತಿಗೊಮ್ಮೆ ಕರೆಂಟಿನಿಂದ ಒಂದು ದೂಡು. ದೂಡಿದಷ್ಟೂ ವೇಗ, ವೇಗ ಏರಿದಷ್ಟೂ ದೊಡ್ಡ ಸುತ್ತು. ಅಂಚಿಗೆ ಬಂದದ್ದನ್ನು ಹೊರಗೆ ಬಿಟ್ಟು ಒಂದು ಚಮಚದಷ್ಟು ವಿಶೇಷ ನೀರಿಗೆ ಹೊಡೆಸುತ್ತಾರೆ. ಪೆಟ್ಟು ಬಿದ್ದು ಆ ನೀರಿನ ಆಮ್ಲಜನಕ ಫ್ಲೋರಿನ್ ಆಗುತ್ತದೆ. ಅದು ಕಿರಣ ಬಿಡುವ ಫ್ಲೋರಿನ್.

ಅದನ್ನು ಸೀಸದ ಗೋಡೆಯ ಪೆಟ್ಟಿಗೆಯೊಳಗೆ ಸಕ್ಕರೆಗೆ ಅಂಟಿಸುತ್ತಾರೆ. ಹೌದು, ಸಕ್ಕರೆಯೇ. ಕ್ಯಾನ್ಸರಿಗೆ ಸಕ್ಕರೆಯ ಹಸಿವು ಜಾಸ್ತಿ. ಮೈಗೆ ಚುಚ್ಚಿದ ಮೇಲೆ ಅದು ಎಲ್ಲೆಲ್ಲಿ ಕೂತು ತಿನ್ನುತ್ತದೋ ಅಲ್ಲಲ್ಲಿ ಕಿರಣ ಹೊರಡುತ್ತದೆ, ಸ್ಕ್ಯಾನ್ ಅದನ್ನು ಹಿಡಿಯುತ್ತದೆ. ಅದಕ್ಕೇ ಹೊಟ್ಟೆ ಖಾಲಿ ಇರಬೇಕು. ಮೊದಲೇ ಸಿಹಿ ತಿಂದರೆ ಮೈಯ ಸ್ನಾಯುಗಳೆಲ್ಲ ಸಕ್ಕರೆ ಎಳೆದುಕೊಂಡು ಚಿತ್ರ ಕಲಸಿ ಹೋಗುತ್ತದೆ. ಅಮ್ಮನಿಗೆ ಇದನ್ನು ನಾನು ಫೋನಿನಲ್ಲಿ ಹೇಳಿದ್ದೇನೆ. ನೀನೂ ಹೇಳು.

ಇದು ಐಸಿನ ಹಾಗೆ ಕರಗುವ ಮಾಲು. ಐಸಿನಲ್ಲಿಟ್ಟರೂ ನಿಲ್ಲುವುದಿಲ್ಲ. ಎರಡು ಗಂಟೆ ಆಗುವುದರೊಳಗೆ ಅರ್ಧ, ಮತ್ತೆ ಅಷ್ಟೇ ಹೊತ್ತಿಗೆ ಅದರ ಅರ್ಧ. ಹುಲಿಕಲ್ ಘಾಟಿ ಇಳಿದು ಸಿದ್ದಾಪುರದ ಮೇಲೆ ಗಾಡಿ ನಿಮ್ಮಲ್ಲಿಗೆ ಮುಟ್ಟುವಾಗ ಕಾಲು ಭಾಗವೂ ಉಳಿದಿರುವುದಿಲ್ಲ. ಅಷ್ಟು ಲೆಕ್ಕ ಹಾಕಿಯೇ ಇಲ್ಲಿ ಜಾಸ್ತಿ ಮಾಡುವುದು. ಹಾಗಾಗಿ ನಿನ್ನೆಯದು ಇಂದಿಗಿಲ್ಲ. ಆ ದಿನ ಮಾಡಿದ್ದು ಪರೀಕ್ಷೆಯಲ್ಲಿ ಪಾಸಾಗಲಿಲ್ಲ, ಚೆಲ್ಲಿದರು. ಶುದ್ಧವಲ್ಲದ್ದನ್ನು ಅಮ್ಮನಿಗೆ ಚುಚ್ಚಬೇಕಿತ್ತಾ?

ಆ ದಿನ ಬರುವುದಕ್ಕೆ ನನಗೆ ಆಗುವುದಿಲ್ಲ. ಎಂತಕ್ಕೆ ಎಂದು ಕೇಳಬೇಡ. ಚುಚ್ಚಿದ ಮೇಲೆ ಸ್ವಲ್ಪ ಹೊತ್ತು ನೀನೂ ಅಮ್ಮನಿಗೆ ತಾಗಿಕೊಂಡು ಕೂರಬೇಡ.

ಪೂಜಿತಾ

~

ಹಂಗಾರಕಟ್ಟೆ
12 ನವೆಂಬರ್ 2025

ಅಕ್ಕ,

ನಿಮ್ಮ ಔಷಧಿಯೂ ನನ್ನ ಹಾಗೆ ಫೇಲಾ? ನಾನು ಫೇಲಾದಾಗ ಅಪ್ಪ ಬೆಲ್ಟು ತೆಗೆದಿದ್ದರು. ಅಪ್ಪ ಹೋದದ್ದು ನಿಮ್ಮ ಮೆಷಿನಿನ ಪುಣ್ಯ.

ಗಾಳದ್ದು ಅರ್ಥವಾಯಿತು. ಅರ್ಥವಾಗದ್ದು ನೀನು. ನಾಲ್ಕು ಗಂಟೆ ದಾರಿಯಲ್ಲಿ ಕೂತುಕೊಂಡು ‘ಬರುವುದಕ್ಕೆ ಆಗುವುದಿಲ್ಲ, ಕೇಳಬೇಡ’. ಹೆತ್ತ ತಾಯಿಗೆ ‘ತಾಗಬೇಡ’. ಅಕ್ಕ, ಈ ಮಾತು ನಾನು ಇಲ್ಲಿ ದಿನಾ ಕೇಳುತ್ತಿದ್ದೇನೆ, ನಿನ್ನಿಂದಲೂ ಬೇಕಿರಲಿಲ್ಲ. ಬಾರ್ಕೂರು ದಾರಿಯ ದೊಡ್ಡ ಮನೆಯ ಉಮಾವತಿಯಮ್ಮ ಗೊತ್ತಲ್ಲ? ನಾವು ಸಣ್ಣವರಿರುವಾಗಿಂದ ಅಮ್ಮನ ಬುಟ್ಟಿಯ ಮೀನೇ ಆಗಬೇಕಿತ್ತು ಅವರಿಗೆ. ಮೊನ್ನೆ ಅಮ್ಮ ಬುಟ್ಟಿ ಇಳಿಸುವ ಮೊದಲೇ ಜಗಲಿಯಿಂದ ಕೈ ಆಡಿಸಿದರಂತೆ. “ಹ್ವಾಯ್ ಸುಗುಣಾ, ನಂಗಳಿಗೆ ಇವತ್ ಬ್ಯಾಡ. ನೀನ್ ಸ್ವಲ್ಪ ಸಮಯ ಬಪ್ಪುದೇ ಬ್ಯಾಡ, ಮನಿಯಂಗ್ ಸಣ್ಣ್ ಮಕ್ಳಿದ್ದೊ.” ಕ್ಯಾನ್ಸರ್ ಬಂಗುಡೆಯಲ್ಲಿ ಹತ್ತಿಕೊಂಡು ಬರುತ್ತದಂತೆ ಅವರ ಮನೆಗೆ. ಮಾರ್ಕೆಟಿನಲ್ಲಿ ಕಿವಿರು ಕಪ್ಪಾಗಿ ಕಣ್ಣು ಒಳಗೆ ಹೋದ ಮೀನು ತಂದು ತಿನ್ನುತ್ತಾರೆ, ಅದಕ್ಕೆ ಹೇಸಿಗೆ ಇಲ್ಲ. ಅಮ್ಮ ನನಗೆ ಹೇಳಿದ್ದು ನಗುತ್ತಾ. ನಾನು ಆ ಮನೆಯ ಗೇಟಿಗೆ ಉಗಿದು ಬಂದೆ. ನಿಜವಾಗಿ.

ನೀನೂ ಅವರ ಸಾಲೇ. ಮೀನಿನ ವಾಸನೆಯಲ್ಲಿ ಓದಿದೆ, ಈಗ ಬಿಳಿ ಕೋಟು. ಆಸ್ಪತ್ರೆಯವರು ಕೂಡ ಮೊನ್ನೆ ಅಷ್ಟು ಕಟ್ಟುನಿಟ್ಟು ಮಾಡಲಿಲ್ಲ. ಚುಚ್ಚಿದ ಮೇಲೆ ಬಸುರಿಯರ ಹತ್ತಿರ ಹೋಗಬಾರದು, ಸಣ್ಣ ಮಕ್ಕಳನ್ನು ಎತ್ತಿಕೊಳ್ಳಬಾರದು ಎಂದರು, ಅಷ್ಟೇ. ನಮ್ಮ ಮನೆಯಲ್ಲಿ ಇರುವುದು ನಾನು, ಅಮ್ಮ, ಒಂದು ಬೆಕ್ಕು. ನೀನು ಎಂತಕ್ಕೆ ಹೆದರಿದ್ದು?

ನಿನ್ನ ಕಾಗದ ಅಮ್ಮನಿಗೆ ಓದಿ ಹೇಳಿದೆ. ಬೈಗುಳ ಬಿಟ್ಟು. ಪೂರ್ತಿ ಕೇಳಿ ಅವಳು ಕೇಳಿದ್ದು ಒಂದೇ. “ಅವ್ಳ್ ಆ ಮಿಷಿನ್ ಹತ್ರ ಹೋತ್ಲಾ ಈಗ್ಳೂ?” ಮಗಳ ದೊಡ್ಡಸ್ತಿಕೆ ಇನ್ನೊಮ್ಮೆ ಕೇಳುವ ಆಸೆ. ಎಂತ ಹೇಳಲಿ?

ಹದಿನೆಂಟನೇ ತಾರೀಕಿಗೆ ಮತ್ತೆ ಬರಲು ಹೇಳಿದ್ದಾರೆ.

ಮನೀಷ್

~

ಶಿವಮೊಗ್ಗ
14 ನವೆಂಬರ್ 2025

ಮನೀಷ,

ಗೇಟಿಗೆ ಉಗಿದದ್ದು ಅಮ್ಮನಿಗೆ ಗೊತ್ತಾ? ನಾಳೆ ಆ ದಾರಿಯಲ್ಲಿ ಬುಟ್ಟಿ ಹೊತ್ತು ಹೋಗುವವಳು ಅವಳು, ನೀನಲ್ಲ.

ಅಮ್ಮನಿಗೆ ಹೇಳು, ‘ಇಲ್ಲ, ಈಗ ಅವಳು ಮೆಷಿನಿನ ಹತ್ತಿರ ಹೋಗುವುದಿಲ್ಲ’ ಎಂದು. ಅಷ್ಟೇ ಹೇಳು. ಅವಳಿಗೆ ಸಾಕು.

ಹದಿನೆಂಟರ ಔಷಧಿ ಸರಿಯಾಗಿ ಹೊರಡುವ ಹಾಗೆ ನೋಡುವುದು ನನ್ನ ಜವಾಬ್ದಾರಿ. ಹಿಂದಿನ ದಿನ ಅವಳಿಗೆ ಭಾರ ಹೊರಲು ಬಿಡಬೇಡ. ಬೆಳಿಗ್ಗೆ ನೀರು ಮಾತ್ರ. ಉಳಿದ ನಿನ್ನ ಮಾತಿಗೆಲ್ಲ ಉತ್ತರ ಇದೆ, ಈಗ ಕೊಡುವುದಿಲ್ಲ.

ಪೂಜಿತಾ

~

ಹಂಗಾರಕಟ್ಟೆ
18 ನವೆಂಬರ್ 2025

ಅಕ್ಕ,

ಹಾಳಾಯಿತು. ಈ ಸಲ ನಿಮ್ಮದಲ್ಲ, ನಮ್ಮದೇ. ನನಗೆ ಮೈಯೆಲ್ಲ ಉರಿಯುತ್ತಿದೆ, ಅಕ್ಷರ ನೋಡಬೇಡ.

ಗಾಡಿ ಬಂದದ್ದು ನಾನೇ ನೋಡಿದೆ. ಡ್ರೈವರು ಕೆಳಗಿಳಿದು ಬೆನ್ನು ನೆಟ್ಟಗೆ ಮಾಡಿಕೊಂಡು, ಹಳದಿ ಚಿಹ್ನೆಯ ಪೆಟ್ಟಿಗೆ ಇಳಿಸಿದ. ಒಳಗೆ ಸೀಸದ ಡಬ್ಬಿ. ಇಷ್ಟೇ ಇಷ್ಟು ಡಬ್ಬಿ, ಎರಡು ಕೈಯಲ್ಲಿ ಕಷ್ಟಪಟ್ಟು ಎತ್ತಿದ. “ಕಾಣ್ ಅಮ್ಮ, ಬಂತ್ ಅಕ್ಕನ್ ಸಕ್ರಿ” ಎಂದೆ. ಅಮ್ಮ ಅದನ್ನು ನೋಡಲೂ ಇಲ್ಲ.

ಒಳಗೆ ಕರೆದರು. ನರ್ಸು ಬೆರಳಿಗೆ ಚುಚ್ಚುತ್ತಾ, “ಅಮ್ಮ, ಬೆಳಿಗ್ಗೆಯಿಂದ ಎಂತದಾದ್ರೂ ತಿಂದ್ರಾ?” ಎಂದು ಕೇಳಿದಳು.

“ಪ್ರಸಾದ ತಿಂದೆ.”

“ಎಂತ ಪ್ರಸಾದ?”

“ಪಂಚಕಜ್ಜಾಯ. ಹಟ್ಟಿಯಂಗಡಿ ದೇವಸ್ಥಾನದ್ದ್.”

“ಸ್ವಲ್ಪ ಬಾಯಿಗೆ ಹಾಕಿದ್ದಾ?”

“ಇಲ್ಲೆ ಮಗಾ, ಒಂದ್ ಬಾಳಿ ಎಲಿ ತುಂಬ ಇತ್ತ್. ಎಲ್ಲ ತಿಂದೆ.”

ಬೆಲ್ಲ! ಕಾಯಿ, ಕಡಲೆ, ಎಳ್ಳು, ಅರ್ಧಕ್ಕರ್ಧ ಬೆಲ್ಲ! ನರ್ಸು ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದಳು. ಇವತ್ತು ಮಾಡಿದರೆ ಚಿತ್ರ ಸರಿ ಬರುವುದಿಲ್ಲ, ಇನ್ನೊಂದು ದಿನ ಎಂದು ಅವರು ಹೊರಟೇಹೋದರು. ನಮ್ಮ ಹಿಂದೆ ಕೂತಿದ್ದ ಒಬ್ಬ, “ದೇವ್ರ ಪ್ರಸಾದಕ್ಕೆಲ್ಲ ದೋಷ ಇಲ್ಲ, ಅದ್ ತಿಂದ ಲೆಕ್ಕ ಅಲ್ಲ” ಎಂದು ಡಾಕ್ಟರಿಗೇ ಕಲಿಸಲು ಹೊರಟ. ನಾನು ಅವನನ್ನು ಸುಮ್ಮನಿರಲು ಹೇಳಿದ ರೀತಿ ಸರಿ ಇರಲಿಲ್ಲ.

ಪ್ರಸಾದ ತಂದದ್ದು ಪಕ್ಕದ ಮನೆಯ ಸೀತು ಚಿಕ್ಕಮ್ಮ. ಹಿಂದಿನ ದಿನ ಹಟ್ಟಿಯಂಗಡಿಗೆ ಹೋಗಿ ಅಮ್ಮನ ಹೆಸರಲ್ಲಿ ಪೂಜೆ ಮಾಡಿಸಿದ್ದಂತೆ. ಊರು ಮುಟ್ಟಿದವನೇ ಅವರ ಅಂಗಳದಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಹೇಳಿದೆ. ‘ಅಮ್ಮನ್ನ ಕೊಂದ್ರೆ ನಿಂಗಳಿಗ್ ಎಂತ ಸಿಕ್ಕತ್’ ಎಂದೂ ಹೇಳಿದೆ. ಅವರಲ್ಲಿದ್ದ ಇನ್ನೊಂದು ಎಲೆ ಪ್ರಸಾದವನ್ನು ಎತ್ತಿ ಹೊಳೆಗೆ ಬಿಸಾಡಿದೆ. ಸೀತು ಚಿಕ್ಕಮ್ಮ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದರು. ಊರೆಲ್ಲ ಬೇಲಿಯ ಹತ್ತಿರ ನಿಂತು ನನ್ನನ್ನು ನೋಡುತ್ತಿತ್ತು. ದೇವರ ಪ್ರಸಾದ ಹೊಳೆಗೆ ಹಾಕಿದನಲ್ಲ ಪಾಪಿ ಎಂದು. ಅಮ್ಮನ ಎದೆಯೊಳಗೆ ಬೆಳೆಯುತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ನಾಗು ಮಾಮನ ಬೋಟು ಕಟ್ಟುವ ಯಾರ್ಡಿಗೆ ಕೆಲಸಕ್ಕೂ ಹೋಗಲಿಲ್ಲ. ಯಾರ ಮುಖ ನೋಡಿದರೂ ವಾಕರಿಕೆ ಬರುತ್ತದೆ. ನಿನ್ನ ಮುಖವೂ ನೆನಪಾಗುತ್ತದೆ. ‘ಮೆಷಿನಿನ ಹತ್ತಿರ ಹೋಗುವುದಿಲ್ಲ’ ಅಂತೆ. ಅಂದರೆ ಅಮ್ಮನ ಔಷಧಿಯನ್ನು ನೀನು ಮಾಡುವುದೂ ಇಲ್ಲ. ಬಸ್ಸಿನಲ್ಲಿ ಅವಳು ಹೇಳಿದ್ದೆಲ್ಲ ಸುಳ್ಳಾಯಿತು.

ಮನೀಷ್

~

ಶಿವಮೊಗ್ಗ
20 ನವೆಂಬರ್ 2025

ಮನೀಷ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಒಂದು ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಮಡಚಿ ಇಟ್ಟಿದ್ದೇನೆ.

ಸಿಹಿ ತಿನ್ನಬಾರದೆಂದು ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಹದಿನಾರಕ್ಕೆ ಸೀತು ಚಿಕ್ಕಮ್ಮನ ಫೋನಿಗೆ ಮಾಡಿ ಅಮ್ಮನ ಜೊತೆ ಮಾತಾಡಿದೆ. ಅವಳೇ ನನಗೆ ತಿರುಗಿ ಹೇಳಿದಳು, ‘ಬೆಲ್ಲದ್ ಚಾ ಕುಡ್ದ್ರೂ ಹಾಳಾತ್ ಅಲ್ದಾ?’ ಎಂದು. ನಾಲ್ಕು ಮನೆಯ ಬಾಕಿಯನ್ನು ಬಾಯಲ್ಲೇ ಇಟ್ಟುಕೊಳ್ಳುವ ಹೆಂಗಸು ಎರಡು ದಿನದಲ್ಲಿ ಮರೆಯುವುದಿಲ್ಲ. ಮತ್ತೆ ನರ್ಸು ಕೇಳಿದಾಗ ಎಲೆ ತುಂಬ ತಿಂದೆ ಎಂದು ಅವಳಾಗಿಯೇ ಹೇಳಿದಳಲ್ಲ? ಸ್ವಲ್ಪ ಎಂದಿದ್ದರೂ ಸಾಕಿತ್ತು.

ಊರಿಗೆ ಬೊಬ್ಬೆ ಹಾಕುವುದನ್ನು ನಿಲ್ಲಿಸಿ ಅವಳನ್ನೇ ಕೇಳು.

ಪೂಜಿತಾ

~

ಹಂಗಾರಕಟ್ಟೆ
22 ನವೆಂಬರ್ 2025

ಅಕ್ಕ,

ನಾನು ಕೇಳುವ ಮೊದಲೇ ಸೀತು ಚಿಕ್ಕಮ್ಮ ಯಾರ್ಡಿಗೆ ಬಂದರು. ನಾನು ಬೋಟಿನ ಹೊಟ್ಟೆಯ ಕೆಳಗೆ ಮಲಗಿ ಫೈಬರ್ ಉಜ್ಜುತ್ತಿದ್ದೆ. ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ಹ್ವಾಯ್ ಮನೀಷಾ, ಹೊರ್ಗ್ ಬಾ. ಆ ದಿನ ನಿನ್ ಅಮ್ಮನ್ ಮುಖ ಕಂಡ್ ಸುಮ್ನಿದ್ದೆ. ಪ್ರಸಾದ ನಾನ್ ಕೊಟ್ಟದ್ದಲ್ಲ ಮಾರಾಯ. ಸ್ಕ್ಯಾನ್ ಆಯ್ ಬಂದ್ ಮೇಲ್ ಕೊಡ್ವ ಅಂದ್ಕಂಡ್ ತೆಗ್ದಿಟ್ಟಿದ್ದೆ. ಬೆಳ್ಕ್ ಹರಿಯುಕ್ ಮೊದ್ಲೇ ಅವ್ಳೇ ಬಂದ್ ಬಾಗ್ಲ್ ತಟ್ಟಿ ಕೇಣಿ ತಿಂದ್ಲ್. ಬ್ಯಾಡ ಅಂದ್ರೂ ಕೇಣ್ಲಿಲ್ಲ. ಇನ್ನೊಂದ್ ಸಲ ನನ್ ಅಂಗ್ಳಕ್ ಬಂದ್ ಕೂಗಿದ್ರೆ ಮೀನ್ ತೊಳ್ದ್ ನೀರ್ ತಲಿಗ್ ಹೊಯ್ತೆ, ಗೊತ್ತಾಯ್ತಾ?”

ಯಾರ್ಡಿನವರೆಲ್ಲ ನಕ್ಕರು. ನಾಗು ಮಾಮ, “ಹೊಯ್ನಿ ಹೊಯ್ನಿ, ಅವ್ನ್ ಮಿಂದ್ ವಾರ ಆಯ್ತ್” ಎಂದರು. ನನ್ನ ಮೈಮೇಲೆ ಫೈಬರ್ ಪುಡಿ, ತುರಿಕೆ. ಮನೆಗೆ ಹೋದೆ.

ಅಮ್ಮ ಬಂಗುಡೆ ಕೊಯ್ಯುತ್ತಿದ್ದಳು. ಕರುಳು ಒಂದು ಕಡೆ, ಮೀನು ಒಂದು ಕಡೆ. ಬೆಕ್ಕು ಕಾಯುತ್ತಿತ್ತು. ನೇರ ಕೇಳಿದೆ. ಅವಳು ಕತ್ತಿ ಇಳಿಸಲೂ ಇಲ್ಲ.

“ಹೌದ್, ಬೇಕಂತ್ಲೇ ತಿಂದೆ. ಎಂತ ಮಾಡ್ತೆ ಈಗ?”

“ಎಂತಕ್ಕ್?”

“ಆ ಹುಡ್ಗಿ ಎಂತ ಹೇಳಿದ್ಲ್, ನೀನೂ ಕೇಣಿದ್ಯಲ್ದಾ? ಅದ್ ಚುಚ್ಚಿದ್ ಮೇಲ್ ಬಸ್ರಿಯರ್ ಹತ್ರ ಹೋಪುಕಾಗ, ಸಣ್ಣ್ ಮಕ್ಳನ್ನ ಎತ್ತುಕಾಗ. ನಿನ್ ಅಕ್ಕ ಬಸ್ರಿ. ನಾಲ್ಕ್ ತಿಂಗ್ಳ್ ಆಯ್ತ್. ಏಳ್ ತಿಂಗ್ಳಂಗ್ ಇಲ್ಲಿಗ್ ಬತ್ತ್ಲ್. ನಾನ್ ಹತ್ರ ಹೋಪುಕಾಗ ಅಂದ್ರೆ ಬಾಳಂತಿ ನೀರ್ ಹೊಯ್ಯುದ್ ಯಾರ್, ಮಗಿನ್ ಮೀಸುದ್ ಯಾರ್? ನಿನ್ನ್ ಅಪ್ಪ ಬತ್ತ್ರಾ ಎದ್ದ್?”

“ಎಷ್ಟ್ ದಿನ ಅಂತ ಕೇಣಿದ್ಯಾ ಆ ನರ್ಸ್ ಹತ್ರ?”

“ಕೇಂಬುದೆಂತ? ಒಳ್ಗ್ ಹೋದ್ದ್ ಹೊರ್ಗ್ ಬತ್ತಾ? ಹೆರ್ಗಿ ಆಯ್ಲಿ, ಬಾಳಂತನ ಮುಗೀಲಿ. ಮತ್ ನಿಂಗಳ್ ಫೋಟೊ ಎಷ್ಟ್ ಬೇಕಾರೂ ತೆಗಿನಿ. ಇಷ್ಟ್ ಸಮಯ ಇದ್ದ್ ಗಡ್ಡಿ ಇನ್ನೊಂದ್ ಅರ್ಧ ವರ್ಷ ಕೂಕಂತ್.”

ಕೂಕಂತ್ ಅಂತೆ! ಮನೆಗೆ ಬಂದ ನೆಂಟನ ಹಾಗೆ! ಆಗ ಅವಳು ಹಿಡಿದಿದ್ದ ಮೀನನ್ನೇ ಕಿತ್ತು ಗೋಡೆಗೆ ಹೊಡೆಯಬೇಕು ಅನಿಸಿತು. ಹೊಡೆದೆ ಕೂಡ. ಬೆಕ್ಕು ತಿಂದಿತು.

ಮತ್ತೆ ನೀನು. ನಾಲ್ಕು ತಿಂಗಳು. ಅಮ್ಮನಿಗೆ ಗೊತ್ತು, ಸೀತು ಚಿಕ್ಕಮ್ಮನಿಗೂ ಅರ್ಧ ಗೊತ್ತು, ಬಹುಶಃ ಗುಣಪಾಲಣ್ಣನಿಗೂ ಗೊತ್ತಿರಬೇಕು. ನನಗೆ ಮಾತ್ರ ಇಲ್ಲ. ನಾನು ನಿನ್ನನ್ನು ಉಮಾವತಿಯಮ್ಮನ ಸಾಲಿಗೆ ಸೇರಿಸಿ ಉಗಿದುಕೊಂಡು ಕೂತಿದ್ದೆ. ನೀನು ಅದನ್ನು ಓದಿ ಸುಮ್ಮನಿದ್ದಿ. ಹೇಸಿಗೆ ಅಕ್ಕ, ನಿಮ್ಮಿಬ್ಬರದ್ದೂ. ನಿನ್ನ ಬಾಯಿ ಮುಚ್ಚಿದ್ದಕ್ಕೆ ಇಲ್ಲಿ ಅಮ್ಮನ ಗಡ್ಡೆ ಬೆಳೆಯುತ್ತಿದೆ.

ಒಂದೇ ಒಂದು ಹೇಳು. ಎಷ್ಟು ದಿನ ಇರುತ್ತದೆ ಅದು ಮೈಯಲ್ಲಿ?

ಮನೀಷ್

~

ಶಿವಮೊಗ್ಗ
24 ನವೆಂಬರ್ 2025

ಮನೀಷ,

ದಿನವಲ್ಲ, ಗಂಟೆ. ಬೆಳಿಗ್ಗೆ ಚುಚ್ಚಿದರೆ ರಾತ್ರಿ ಮಲಗುವ ಹೊತ್ತಿಗೆ ಲೆಕ್ಕಕ್ಕಿಲ್ಲದಷ್ಟು. ಮರುದಿನ ಬೆಳಿಗ್ಗೆ ಅಮ್ಮನ ಮೈಯಲ್ಲಿ ಅದು ಇತ್ತು ಎಂದು ಹೇಳುವುದಕ್ಕೂ ಏನೂ ಸಿಗುವುದಿಲ್ಲ. ಕರಗುತ್ತದೆ ಎಂದು ಬರೆದಿದ್ದೆನಲ್ಲ, ಗಾಡಿಯಲ್ಲಿ ಮಾತ್ರವಲ್ಲ, ಮೈಯೊಳಗೂ ಹಾಗೆಯೇ ಕರಗುತ್ತದೆ. ಇದನ್ನು ನಾನು ಅವಳಿಗೆ ಹೇಳಲೇ ಇಲ್ಲ. ಸಕ್ಕರೆ, ಹೊಟ್ಟೆ, ನೀರು ಎಲ್ಲ ಹೇಳಿದೆ. ಇದು ನನಗೆ ಎಷ್ಟು ಗೊತ್ತೆಂದರೆ, ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ ಎಂದು ಹೊಳೆಯಲೇ ಇಲ್ಲ. ಅವಳು ಅದನ್ನು ಸೂತಕದ ಹಾಗೆ ತಿಳಿದುಕೊಂಡಳು. ಸೂತಕಕ್ಕಾದರೂ ಇಷ್ಟು ದಿನ ಎಂದು ಇರುತ್ತದೆ, ಇದಕ್ಕೆ ಅವಳು ಅದನ್ನೂ ಇಡಲಿಲ್ಲ.

ನಿನಗೆ ಯಾಕೆ ಹೇಳಲಿಲ್ಲ ಎಂದರೆ, ಹೋದ ವರ್ಷದ್ದು ನೆನಪಿದೆಯಾ? ಎರಡು ತಿಂಗಳು ಎಂದು ಗೊತ್ತಾದ ದಿನವೇ ನೀನು ಯಾರ್ಡಿಗೆಲ್ಲ ಲಡ್ಡು ಹಂಚಿದೆ, ಹೊಸ ಬೋಟಿಗೆ ‘ಅಳಿಯ’ ಎಂದು ಹೆಸರಿಡಲು ನಾಗು ಮಾಮನ ಹತ್ತಿರ ಜಗಳ ಮಾಡಿದೆ. ಮತ್ತೆ ಅದು ಹೋಯಿತು. ಊರಿಗೆ ಬಂದಾಗ ಲಡ್ಡು ತಿಂದವರೆಲ್ಲ ನನ್ನನ್ನು ನೋಡಿದ ರೀತಿ ನನಗೆ ಇನ್ನೊಮ್ಮೆ ಬೇಡವಾಗಿತ್ತು. ನಿನ್ನ ಬೈಗುಳ ಅದಕ್ಕಿಂತ ಹಗುರ, ತಿಂದುಕೊಂಡೆ.

ಬಸುರಿ ಎಂದು ಗೊತ್ತಾದ ದಿನವೇ ಇಲ್ಲಿ ಹೇಳಬೇಕು, ನಿಯಮ. ಹೇಳಿದೆ. ಆ ದಿನದಿಂದ ನನ್ನನ್ನು ಒಳಗೆ ಬಿಡುವುದಿಲ್ಲ, ಹೊರಗೆ ಕೂತು ಯಾವ ಆಸ್ಪತ್ರೆಗೆ ಯಾವಾಗ ಎಷ್ಟು ಹೋಗಬೇಕು ನೋಡುತ್ತೇನೆ. ಘಾಟಿ ರಸ್ತೆ ಸ್ವಲ್ಪ ಸಮಯ ಬೇಡ ಎಂದಿದ್ದರು ಡಾಕ್ಟರು. ಈಗ ನಿಧಾನಕ್ಕೆ ಬರಬಹುದು ಎಂದಿದ್ದಾರೆ. ನಿನ್ನ ಭಾವ ಸುಜನ್ ಕಾರು ಬಿಡುತ್ತಾರೆ.

ಅಮ್ಮನಿಗೆ ಇದನ್ನು ಓದಿ ಹೇಳು. ಈ ಸಲ ಒಂದು ಅಕ್ಷರವೂ ಬಿಡಬೇಡ.

ಪೂಜಿತಾ

~

ಹಂಗಾರಕಟ್ಟೆ
26 ನವೆಂಬರ್ 2025

ಅಕ್ಕ,

ಓದಿ ಹೇಳಿದೆ. ನಂಬಲಿಲ್ಲ. “ಫೋಟೊ ತೆಗ್ಸುಕ್ ಇಬ್ರೂ ಸೇರಿ ಕಟ್ಟಿದ್ ಕತಿ” ಎಂದಳು. ನಾನು ಬೊಬ್ಬೆ ಹಾಕಿದೆ, ಅವಳು ನನಗಿಂತ ಜೋರು ಹಾಕಿದಳು. ಸೀತು ಚಿಕ್ಕಮ್ಮ ಬೇಲಿಯಿಂದ, “ಇಬ್ರೂ ಸಾಯಿನಿ ಅತ್ಲಾಗ್” ಎಂದು ಆಶೀರ್ವಾದ ಮಾಡಿದರು.

ಕಡೆಗೆ ಅಮ್ಮ ಹೇಳಿದ ಮಾತು ಇದು, ಹಾಗೇ ಬರೆಯುತ್ತೇನೆ. “ಅಷ್ಟ್ ಖಾತ್ರಿ ಇದ್ರೆ ಮರ್ದಿನ ಅವ್ಳ್ ಬರ್ಲಿ. ಹೊಟ್ಟಿ ಹೊತ್ಕಂಡ್ ಬಂದ್ ನನ್ ಹತ್ರ ಕೂಕಂಡ್ ನನ್ ಕೈಯಂಗೆ ಉಣ್ಲಿ. ಆಗ್ಳಿಕ್ ನಂಬ್ತೆ. ಇಲ್ದಿರ್ ಪಂಚಕಜ್ಜಾಯ ಇನ್ನೂ ಸಿಕ್ಕತ್.”

ಡಿಸೆಂಬರ್ ನಾಲ್ಕಕ್ಕೆ ಸ್ಕ್ಯಾನ್, ಮರುದಿನ ಐದು. ಬರುವುದಾದರೆ ಬಾ. ಹೆದರಿಕೆ ಇದ್ದರೆ ಬರಬೇಡ. ಇದು ಚುಚ್ಚು ಮಾತಲ್ಲ. ಲಡ್ಡು ವಿಷಯ ಓದಿ ನನಗೆ ನನ್ನ ಮೇಲೇ ಅಸಹ್ಯವಾಯಿತು. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಮನೀಷ್

~

ಹಂಗಾರಕಟ್ಟೆ
12 ಡಿಸೆಂಬರ್ 2025

ಅಕ್ಕ,

ನೀನು ಹೊರಟ ಮೇಲೆ ರಿಪೋರ್ಟಿನ ಬಗ್ಗೆ ಮಾತಾಡಲು ಡಾಕ್ಟರು ಕರೆದರು. ಮೊದಲು ಅದನ್ನೇ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಅಮ್ಮನ ಮೈ ತೋರಿಸಿದರು. ಎರಡು ಕಡೆ ಕೆಂಡದ ಹಾಗೆ ಹೊಳೆಯುತ್ತಿತ್ತು, ಎದೆಯಲ್ಲಿ ಒಂದು, ಕಂಕುಳಲ್ಲಿ ಒಂದು. ತಲೆಯೂ ಹೊಳೆಯುತ್ತಿತ್ತು. ನಾನು ಬೆವರಿಬಿಟ್ಟೆ. ಮಿದುಳಿಗೆ ಯಾವಾಗಲೂ ಸಕ್ಕರೆ ಬೇಕು, ಎಲ್ಲರದ್ದೂ ಹೀಗೇ ಹೊಳೆಯುತ್ತದೆ ಎಂದರು ಡಾಕ್ಟರು. ಅಮ್ಮ ಆಗಲೇ, “ಇವಂದ್ ತೆಗ್ದ್ರೆ ಕತ್ಲಿ ಕಾಂಬುದ್” ಎಂದಳು. ಡಾಕ್ಟರು ನಕ್ಕರು. ಅಂಥ ಜಾಗದಲ್ಲೂ ಮಗನ ಮರ್ಯಾದೆ ತೆಗೆಯಬೇಕು ಇವಳಿಗೆ.

ಬೇರೆಲ್ಲೂ ಇಲ್ಲ. ಎಲುಬಿಗೆ ಹೋಗಿಲ್ಲ, ಲಿವರಿಗೆ ಹೋಗಿಲ್ಲ. ಹತ್ತೊಂಬತ್ತಕ್ಕೆ ಆಪರೇಷನ್. ಆಮೇಲೆ ಕೀಮೋ ಇದೆ, ಕೂದಲು ಹೋಗುತ್ತದೆ, ಅವಳಿಗೆ ಹೇಳಿದ್ದಾರೆ. ಇನ್ನು ಆರು ತಿಂಗಳು ಬಿಟ್ಟು ಬಂದಿದ್ದರೆ ನಾನು ಬೇರೆ ಮಾತು ಹೇಳಬೇಕಾಗುತ್ತಿತ್ತು ಎಂದರು. ಆಗ ಅಮ್ಮ ನೆಲ ನೋಡಿದಳು.

ನೀನು ಬರುವ ಹಿಂದಿನ ರಾತ್ರಿಯದ್ದು ನಿನಗೆ ಗೊತ್ತಿಲ್ಲ. ಸ್ಕ್ಯಾನ್ ಆಗಿ ಬಂದವಳು ಮನೆಯೊಳಗೆ ಕಾಲಿಡಲಿಲ್ಲ. ಬಲೆ ಕೊಟ್ಟಿಗೆಯಲ್ಲಿ ಹಳೇ ಬಲೆ ಹಾಸಿಕೊಂಡು ಮಲಗಿದಳು, ಇಲಿ, ತಿಗಣೆ, ಕೊಳೆತ ಹಗ್ಗದ ನಾತ. ಬಾ ಎಂದರೆ, “ನಾಳಿಗ್ ಅವ್ಳ್ ಬತ್ತ್ಲ್, ಮನಿ ಹಾಂಗೇ ಇರ್ಲಿ” ಎಂದಳು. ಬೆಕ್ಕು ಯಾವಾಗಿನ ಹಾಗೆ ಅವಳ ಕಾಲ ಹತ್ತಿರ ಬಂದು ಮಲಗಲು ಹೋಯಿತು. ಅಮ್ಮ ಚಪ್ಪಲಿ ಎಸೆದು ಓಡಿಸಿದಳು. “ಹೋಯ್ಕಣ್, ನೀನೂ ಬಸ್ರಿ” ಎಂದು. ನಾನು ಹೊರಗೆ ಕೂತು ನಗಬೇಕಾ, ಅಳಬೇಕಾ ಗೊತ್ತಾಗದೆ ಒಂದು ಬೀಡಿ ಹಚ್ಚಿದೆ. ಬೆಳಿಗ್ಗೆ ನೀನು ಬಂದು ಅವಳ ಮಡಿಲಲ್ಲಿ ತಲೆ ಇಟ್ಟಾಗ ಅವಳು ಎರಡೂ ಕೈ ಮೇಲೆತ್ತಿಕೊಂಡೇ ಕೂತಿದ್ದಳಲ್ಲ, ತಾಗಿದರೆ ಎಂತಾದರೂ ಆಗುತ್ತದೆ ಎಂದು? ಅದನ್ನು ನೋಡಲಾರದೆ ನಾನು ಎದ್ದು ಹೋದದ್ದು. ನೀನು ಕೇಳಿದ್ದೆ, ಈಗ ಹೇಳಿದೆ.

ಈಗ ಹೊಸ ಪೀಡೆ. ಆಪರೇಷನ್ ಆದ ಮೇಲೆ ಆ ಬದಿಯ ಕೈ ಸುಮಾರು ಸಮಯ ಎತ್ತಲು ಆಗುವುದಿಲ್ಲ, ಭಾರ ಹಿಡಿಯಬಾರದು ಎಂದಿದ್ದಾರೆ. ಅಮ್ಮ ಡಾಕ್ಟರ ಹತ್ತಿರ ವಾದ ಮಾಡಿ ಸೋತಳು. ಸೀತು ಚಿಕ್ಕಮ್ಮ ತಾನು ನೀರು ಹೊಯ್ಯುತ್ತೇನೆ ಎಂದರು. ನಾನು ಅಂಗಳದಲ್ಲಿ ಕೂಗಿದ್ದಕ್ಕೆ ಒಂದು ದಿನವೂ ಮುಖ ತಿರುಗಿಸದ ಹೆಂಗಸು. ಸರಿ, ನಿನ್ನ ನೀರು ಅವರದ್ದು. ಆದರೆ ಅವರಿಗೆ ಬೆನ್ನು ನೋವು, ಕಾಲು ಚಾಚಿ ನೆಲಕ್ಕೆ ಕೂತರೆ ಏಳಲು ಬರುವುದಿಲ್ಲ. ಹಾಗಾದರೆ ಮಗುವನ್ನು ಮೀಯಿಸುವವರು ಯಾರು? ಇಬ್ಬರೂ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು.

ನಾನು ಬೋಟು ಕಟ್ಟುವವನು ಅಕ್ಕ! ಯಾರ್ಡಿನಲ್ಲಿ ಗೊತ್ತಾದರೆ ನನ್ನ ಕತೆ ಮುಗಿಯಿತು. ಆಗುವುದಿಲ್ಲ ಎಂದೆ. ಅಮ್ಮ, “ನಿನ್ನ ನಾನ್ ಮೀಸಲಿಲ್ಯಾ? ಎಷ್ಟ್ ಸಲ ನನ್ ಕಾಲ್ ಮೇಲೇ ಹೇತದ್ದ್ ನೀನ್” ಎಂದು ಇಡೀ ಕೇರಿಗೆ ಕೇಳುವ ಹಾಗೆ ಹೇಳಿದಳು. ಆಮೇಲೆ ವಾದ ಮಾಡುವುದು ಹೇಗೆ?

ನಿನ್ನೆ ಅಂಗಳದಲ್ಲಿ ಮಣೆ ಹಾಕಿ ಕೂರಿಸಿದರು. ಕಾಲು ಚಾಚಿಸಿದರು. ಮಗುವಿನ ಬದಲಿಗೆ ಒಂದು ಅಂಜಲ್ ಮೀನು, ನಾಗು ಮಾಮ ಕೊಟ್ಟದ್ದು. ಅದನ್ನು ನನ್ನ ಕಾಲಿನ ಮೇಲೆ ಮಕಾಡೆ ಮಲಗಿಸಿ, ಎಣ್ಣೆ ಹಚ್ಚಿಸಿ, ಬಿಸಿನೀರು ಹೊಯ್ಯಿಸಿದರು. ಅಮ್ಮ ಕುರ್ಚಿಯಲ್ಲಿ ಕೂತು ಒಂದು ಕೋಲು ಹಿಡಿದುಕೊಂಡು, “ಕುತ್ಗಿ ಹಿಡ್ಕೊ, ಕುತ್ಗಿ! ಕಿವಿಗ್ ನೀರ್ ಹೋತ್” ಎಂದು ಬಡಿಯುತ್ತಿದ್ದಳು. ಮೀನಿಗೆ ಯಾವ ಕಿವಿ? ಬಿಸಿನೀರು ಬಿದ್ದು ಅದು ಬೇಯಲು ಶುರುವಾಯಿತು, ಚರ್ಮ ಎದ್ದು ನನ್ನ ತೊಡೆಗೆ ಅಂಟಿತು, ನಾತ ಹೇಳಲಾರೆ. ಸೀತು ಚಿಕ್ಕಮ್ಮ ನಗುತ್ತಾ ನಗುತ್ತಾ ಕೊಡಪಾನ ಕೆಳಗೆ ಬಿಟ್ಟರು. ಬೇಲಿಯಲ್ಲಿ ಮತ್ತೆ ಊರೆಲ್ಲ. ಥೂ.

“ಹೀಂಗ್ ಬಿಸಿ ಹೊಯ್ದ್ರೆ ಮಗಿನ್ ಗತಿ ಎಂತ?” ಎಂದು ಅಮ್ಮ ಎದ್ದು ಬಂದು ನನ್ನ ಕೈಯನ್ನು ನೀರಿಗೆ ಅದ್ದಿಸಿ, ಮೊಣಕೈ ತೋರಿಸಿ, “ಇಲ್ಲಿಗ್ ಹದ ಕಂಡ್ರೆ ಸಾಕ್” ಎಂದಳು.

ನಾಳೆ ಮತ್ತೆ ಕೂರಬೇಕಂತೆ. ಈ ಸಲ ಮೀನು ಬೇಡ, ಒಂದು ಸೌತೆಕಾಯಿ ಕೊಡಿ ಎಂದೆ. ಸೌತೆಕಾಯಿ ಜಾರುವುದಿಲ್ಲ, ಮಗು ಜಾರುತ್ತದೆ, ಮೀನೇ ಆಗಬೇಕು ಎಂದಳು ಅಮ್ಮ.

ಮನೀಷ್